ಕೋಟೆಯಲ್ಲಿ ಸಂಗೀತ ನಾಟಕ: ಮೊದಲು ಚಪ್ಪಾಳೆ ತಟ್ಟಿ ನೋಡಿ

ಮಾನ್ಯ ಸಂಪಾದಕರೇ,

ನರಗುಂದ, ಬಂಕಾಪುರ, ಗಜೇಂದ್ರಗಡದಂಥ ನಮ್ಮ ಭಾಗದ ಕೋಟೆಗಳಲ್ಲಿ ರಾತ್ರಿ ಸಂಗೀತ ನಾಟಕ ಆಡಿಸಬೇಕು, ಅದರಿಂದ ಊರಿಗೆ ಪ್ರವಾಸಿಗರು ಬರುತ್ತಾರೆ ಎನ್ನುವ ಮಾತು ಆಗಾಗ ಏಳುತ್ತದೆ. ಮಾತಿನ ನಡುವೆ ಯಾರಾದರೊಬ್ಬರು ಫಿನ್ಲೆಂಡಿನ ಒಲಾವಿನ್‌ಲಿನ್ನ ಕೋಟೆಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸುತ್ತಾರೆ: ನೀರಿನ ನಡುವೆ ಮೂರು ಗೋಪುರ, ಅಂಗಳದ ತುಂಬ ಜನ, ಕಲ್ಲಿನ ಗೋಡೆಯ ಮುಂದೆ ಒಪೆರಾ, ಅಂದರೆ ಪಾಶ್ಚಾತ್ಯರ ಸಂಗೀತ ನಾಟಕ. ಚಿತ್ರ ಸುಳ್ಳಲ್ಲ. ಆದರೆ ಚಿತ್ರದಲ್ಲಿ ಕಾಣದ ಕೆಲಸವೇ ಹೆಚ್ಚು. ಅದನ್ನು ತಿಳಿಯದೆ ಪೆಂಡಾಲು, ಸ್ಪೀಕರ್ ಬಾಕ್ಸು, ಜನರೇಟರು ಹೊತ್ತು ಕೋಟೆ ಹತ್ತಿದರೆ ನಾಟಕವೂ ಕೆಡುತ್ತದೆ, ಗೋಡೆಯೂ ಕೆಡುತ್ತದೆ.

ಮೊದಲು ಆ ಕೋಟೆಯ ಕಥೆ. ಫಿನ್ಲೆಂಡ್ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದಾಗ, 1475ರಲ್ಲಿ, ವೈಬೊರ್ಗ್ ಕೋಟೆಯ ಅಧಿಪತಿ ಎರಿಕ್ ಆಕ್ಸೆಲ್ಸನ್ ಟೊಟ್ ಪೂರ್ವದ ಗಡಿ ಕಾಯಲು ಇದನ್ನು ಕಟ್ಟಿಸಲು ಶುರುಮಾಡಿದ. ಸೈಮಾ ಸರೋವರಗಳ ಸಾಲಿನಲ್ಲಿ ಎರಡು ಕೆರೆಗಳನ್ನು ಕೂಡಿಸುವ ಇಕ್ಕಟ್ಟಾದ ಹರಿವಿನ ನಡುವೆ ಒಂದು ಬಂಡೆ. ಅದರ ಮೇಲೆ ಕೋಟೆ. ಸೆಳೆತ ಜೋರಾಗಿರುವುದರಿಂದ ಚಳಿಗಾಲದಲ್ಲೂ ಅಲ್ಲಿನ ನೀರು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ, ಹಿಮದ ಮೇಲೆ ನಡೆದು ಬಂದು ಮುತ್ತಿಗೆ ಹಾಕುವುದು ಕಷ್ಟ. ಮೊದಲಿಗೆ ಐದು ಗೋಪುರಗಳಿದ್ದವು. ಒಂದರ ಬುನಾದಿ ಸರಿಯಿಲ್ಲದೆ ಕುಸಿಯಿತು, ಇನ್ನೊಂದು 18ನೇ ಶತಮಾನದಲ್ಲಿ ಸ್ಫೋಟಗೊಂಡು ಹೋಯಿತು, ಆ ಜಾಗದಲ್ಲಿ ದಪ್ಪನೆಯ ಬುರುಜು ಎದ್ದಿತು. 1495ರಲ್ಲಿ ಶುರುವಾದ ಯುದ್ಧದಲ್ಲಿ ರಷ್ಯನ್ನರಿಗೆ ಬಗ್ಗದ ಕೋಟೆ 1714ರಲ್ಲಿ ಅವರ ಕೈಸೇರಿತು, 1721ರ ಒಪ್ಪಂದದಲ್ಲಿ ಸ್ವೀಡನ್ನಿಗೆ ಮರಳಿತು, 1743ರ ಒಪ್ಪಂದದಲ್ಲಿ ಮತ್ತೆ ರಷ್ಯದ ಪಾಲಾಯಿತು. 19ನೇ ಶತಮಾನದಲ್ಲಿ ಕೆಲಕಾಲ ಜೈಲು. 1868 ಮತ್ತು 1869ರಲ್ಲಿ ಎರಡು ಸಲ ಬೆಂಕಿ. ಅಂದರೆ ಅದೂ ನಮ್ಮ ಕೋಟೆಗಳ ಹಾಗೆ ಕೈಬದಲಾಗಿ, ಸುಟ್ಟು, ಪಾಳುಬಿದ್ದು ಉಳಿದದ್ದೇ. ಯಾರೋ ನಾಟಕಕ್ಕೆಂದು ಕಟ್ಟಿದ್ದಲ್ಲ.

ಫಿನ್ಲೆಂಡಿನ ಗಾಯಕಿ ಐನೊ ಆಕ್ಟೆ 1907ರಲ್ಲಿ ಅಲ್ಲಿ ನಡೆದ ಒಂದು ದೇಶಾಭಿಮಾನದ ಸಭೆಗೆ ಹೋದವಳು ಆ ಅಂಗಳವನ್ನು ಕಂಡು ಇದು ರಂಗಸ್ಥಳವಾಗಬಲ್ಲದು ಎಂದುಕೊಂಡಳು. ಮೊದಲ ಒಪೆರಾ ಉತ್ಸವ ನಡೆದದ್ದು 1912ರಲ್ಲಿ, ಎರ್ಕಿ ಮೆಲಾರ್ಟಿನ್ ಸಂಯೋಜಿಸಿದ ‘ಐನೊ’ ಕೃತಿಯಿಂದ. 1913, 1914, 1916ರಲ್ಲಿ ಮತ್ತೆ ಆಯಿತು. ಆಮೇಲೆ ಯುದ್ಧ, ದೇಶದ ಗದ್ದಲ. 1930ರಲ್ಲಿ ಇನ್ನೊಂದು ಸಲ ನಡೆದು ನಿಂತೇ ಹೋಯಿತು. ಮತ್ತೆ ಶುರುವಾದದ್ದು 1967ರಲ್ಲಿ, ಬೀಥೋವನ್‌ನ ‘ಫಿಡೆಲಿಯೊ’ದಿಂದ. ಈ ಆಯ್ಕೆಯನ್ನು ಗಮನಿಸಬೇಕು. ‘ಫಿಡೆಲಿಯೊ’ ಜೈಲಿನಲ್ಲಿ ನಡೆಯುವ ಕಥೆ. ಆಡಿದ್ದು ಒಂದು ಕಾಲಕ್ಕೆ ಜೈಲೇ ಆಗಿದ್ದ ಕೋಟೆಯಲ್ಲಿ. ಅಂಥ ಕಥೆಗೆ ಆ ಗೋಡೆಯೇ ಸೆಟ್. 1972ರಿಂದ 1979ರವರೆಗೆ ಗಾಯಕ ಮಾರ್ಟಿ ತಾಲ್ವೆಲಾ ಉತ್ಸವದ ಕಲಾ ನಿರ್ದೇಶಕರಾಗಿದ್ದರು. ಕೋಟೆಗೆ 500 ವರ್ಷ ತುಂಬಿದ 1975ರಲ್ಲಿ ಔಲಿಸ್ ಸಲ್ಲಿನೆನ್ ಅವರ ಹೊಸ ಒಪೆರಾ ‘ರತ್ಸುಮಿಯೆಸ್’ (ಕುದುರೆ ಸವಾರ) ಅಲ್ಲೇ ಮೊದಲ ಪ್ರಯೋಗ ಕಂಡಿತು. ಅದೂ ಸ್ವೀಡನ್, ರಷ್ಯಗಳ ನಡುವೆ ಸಿಕ್ಕವರ ಕಥೆಯೇ. ಈ ಹೊತ್ತಿಗೆ, 1961ರಿಂದ 1975ರವರೆಗೆ, ಕೋಟೆಯ ದೊಡ್ಡ ದುರಸ್ತಿಯೂ ಜೊತೆಜೊತೆಗೇ ನಡೆದಿತ್ತು. ಈಗ ಪ್ರತಿ ವರ್ಷ ಹೆಚ್ಚುಕಡಿಮೆ ಜುಲೈ ತಿಂಗಳು ಮಾತ್ರ ಆಟ, ಎರಡು ಸಾವಿರಕ್ಕೆ ಮೇಲ್ಪಟ್ಟು ಆಸನ, ಮೇಲೆ ಮಳೆ ತಡೆಯುವ ಬಟ್ಟೆಯ ಚಾವಣಿ. ಕೋಟೆ ಇರುವ ಊರು ಸವೊನ್‌ಲಿನ್ನ ನಮ್ಮ ಹಾವೇರಿಗಿಂತ ಸಣ್ಣದು.

ಇದರಲ್ಲಿ ನಾವು ಎತ್ತಿಕೊಳ್ಳಬೇಕಾದದ್ದು ಬೆಳಕಿನ ಅಬ್ಬರವನ್ನಲ್ಲ. ಗೋಡೆ ಮೊದಲು, ಆಟ ಆಮೇಲೆ. ಗೋಡೆಗೆ ಒಪ್ಪುವ ಆಟವನ್ನು ಆರಿಸಿದರು, ಆಟಕ್ಕಾಗಿ ಗೋಡೆಯನ್ನು ಮುಟ್ಟಲಿಲ್ಲ.

ಗೋಡೆ ಏನು ಮಾಡುತ್ತದೆ ಎನ್ನುವುದು ಸದ್ದಿನ ಲೆಕ್ಕ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆಲ್ಲ ಸದ್ದು 6 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಇಳಿಯುತ್ತದೆ. ಪಳಗಿದ ನಟನ ಗಂಟಲು 1 ಮೀಟರಿನಲ್ಲಿ 85 ಡೆಸಿಬೆಲ್ ಕೊಟ್ಟರೆ 32 ಮೀಟರಿಗೆ ಅದು 55 ಆಗಿರುತ್ತದೆ. ಹತ್ತಿರದ ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋದರೆ ಅಷ್ಟಕ್ಕೇ ಮುಳುಗಿತು. ಹೀಗಾಗಿ ಮೈಕಿಲ್ಲದ ಆಟಕ್ಕೆ ಕೊನೆಯ ಸಾಲು 30 ಮೀಟರಿನೊಳಗಿರಬೇಕು. ನಟನ ಬೆನ್ನಿಗೆ ಹತ್ತಿರವಾಗಿ ಕಲ್ಲಿನ ಗೋಡೆ ಇದ್ದರೆ ಅದು ಸದ್ದನ್ನು ಮುಂದಕ್ಕೆ ತಳ್ಳಿ ನೆರವಾಗುತ್ತದೆ. ಬಟ್ಟೆಯ ಪರದೆ ಆ ಕೆಲಸ ಮಾಡುವುದಿಲ್ಲ. ಒಪೆರಾ ಗಾಯಕರು ಮೈಕಿಲ್ಲದೆ ಹಾಡುವುದಕ್ಕೆ ಒಲಾವಿನ್‌ಲಿನ್ನದ ಗೋಡೆಗಳ ನೆರವು ಇದೇ. ನಮ್ಮಲ್ಲೂ ಈ ಕಸುಬು ಹೊಸದಲ್ಲ. 1870ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು ನಾಟಕ ಮಂಡಳಿ ಕಟ್ಟಿದಾಗ ಮೈಕು ಎಲ್ಲಿತ್ತು? ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಹುಡುಗ ಮಲ್ಲಿಕಾರ್ಜುನ ಮನಸೂರ ಹಾಡಿದ ವಾಮನರಾವ ಮಾಸ್ತರರ ಕಂಪನಿ, ಎಲ್ಲ ಕಡೆ ಏರುಶ್ರುತಿಯ ಗಂಟಲೇ ಬಂಡವಾಳ.

ಅದೇ ಗೋಡೆ ಎದುರಿಗೆ, ಪ್ರೇಕ್ಷಕರ ಹಿಂದೆ, ದೂರದಲ್ಲಿದ್ದರೆ ಶತ್ರು. ನೇರವಾಗಿ ಬಂದ ಸದ್ದಿಗೂ ಗೋಡೆಗೆ ಬಡಿದು ಬಂದ ಸದ್ದಿಗೂ ನಡುವೆ ಮಾತಿನಲ್ಲಾದರೆ 50 ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದಲ್ಲೊಂದು ಪಾಲು ಒಂದು ಮಿಲಿಸೆಕೆಂಡ್), ಹಾಡಿನಲ್ಲಾದರೆ 80 ಮಿಲಿಸೆಕೆಂಡಿನವರೆಗೆ ಕಿವಿ ಹೊಂದಿಸಿಕೊಳ್ಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 344 ಮೀಟರ್ ಓಡುವುದರಿಂದ 50 ಮಿಲಿಸೆಕೆಂಡ್ ಎಂದರೆ 17 ಮೀಟರು ಹೆಚ್ಚಿನ ದಾರಿ. ಕೂತವನ ಬೆನ್ನಿನ ಗೋಡೆ ಎಂಟೂವರೆ ಮೀಟರಿಗಿಂತ ಆಚೆ ಇದ್ದರೆ ಸಾಕು, ಮಾತು ಎರಡೆರಡಾಗಿ ಕೇಳತೊಡಗುತ್ತದೆ. ಚುರುಕು ಮಾತಿನ ಹಾಸ್ಯ ನಾಟಕ ಕೋಟೆಯೊಳಗೆ ಸೋಲುವುದು ಇದಕ್ಕೇ: ನಗುವ ಮಾತಿನ ಬಾಲವೇ ಮಸುಕಾಗುತ್ತದೆ. ಹಾಡಿನ ಎಳೆ ಉದ್ದವಿರುವ ಶ್ರೀಕೃಷ್ಣ ಪಾರಿಜಾತ, ಎತ್ತರದ ಅಟ್ಟದ ಮೇಲೆ ದೊಡ್ಡ ಹೆಜ್ಜೆ, ದೊಡ್ಡ ದನಿಯಲ್ಲಿ ನಡೆಯುವ ದೊಡ್ಡಾಟ, ಹಳೆಯ ಪೌರಾಣಿಕ ಸಂಗೀತ ನಾಟಕ ಗೆಲ್ಲುತ್ತವೆ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಊರು ಮಲಗಿದ ಮೇಲೆ ಒಬ್ಬ ರಂಗಸ್ಥಳದ ಜಾಗದಲ್ಲಿ ನಿಂತು ಒಂದೊಂದೇ ಚಪ್ಪಾಳೆ ತಟ್ಟಬೇಕು. ಇನ್ನೊಬ್ಬ ಐದೈದು ಹೆಜ್ಜೆಗೆ ನಿಲ್ಲುತ್ತ ಕೊನೆಯ ಸಾಲಿನವರೆಗೆ ಹೋಗಬೇಕು. ‘ಟಪ್’ ಎಂದು ಒಂದೇ ಕೇಳಿದರೆ ಸರಿ. ‘ಟಪ್–ಟಪ್’ ಎಂದರೆ ಆ ಜಾಗಕ್ಕೆ ಕಲ್ಲಿಟ್ಟು ಗುರುತು ಮಾಡಿ, ಯಾವ ಗೋಡೆಯಿಂದ ಎಂದು ಹುಡುಕಿ. ಮದ್ದು ನಮ್ಮ ಮನೆಗಳಲ್ಲೇ ಇದೆ: ಕೌದಿ. ನಾಲ್ಕೈದು ಪದರ ಹಳೆ ಸೀರೆಯ ದಪ್ಪ ಕೌದಿಗಳನ್ನು ಬಿದಿರಿನ ಚೌಕಟ್ಟಿಗೆ ಕಟ್ಟಿ ಗೋಡೆಯಿಂದ ಒಂದು ಗೇಣು ಬಿಟ್ಟು ನಿಲ್ಲಿಸಬೇಕು. ಗೋಡೆಗೆ ಅಂಟಿಸಿದರೆ ತೆಳು ಸದ್ದನ್ನಷ್ಟೇ ಹೀರುತ್ತದೆ. ನಡುವೆ ಗಾಳಿ ಇದ್ದರೆ ಗಂಡುದನಿಯ ಕೆಳಗಿನ ಸ್ವರಗಳನ್ನೂ ಹಿಡಿಯುತ್ತದೆ. ಕಲ್ಲಿಗೆ ಮೊಳೆ ಹೊಡೆಯುವ ಮಾತೇ ಬೇಡ.

ಮೈಕು ಬೇಕೇ ಬೇಕು ಎನ್ನುವುದಾದರೆ ದೊಡ್ಡ ಬಾಕ್ಸುಗಳನ್ನು ರಂಗದ ಎರಡು ಬದಿ ಒಟ್ಟಿ ಕೂಗಿಸುವ ಪದ್ಧತಿ ಬಿಡಬೇಕು. ಸಣ್ಣ ಬಾಕ್ಸುಗಳನ್ನು ಪ್ರೇಕ್ಷಕರ ನಡುವೆ ಹಂಚಿ, ದೂರಕ್ಕೆ ತಕ್ಕಂತೆ ಸದ್ದನ್ನು ತಡಮಾಡಬೇಕು. ರಂಗದಿಂದ 25 ಮೀಟರಿನ ಬಾಕ್ಸಿಗೆ 73 ಮಿಲಿಸೆಕೆಂಡ್, ಮೇಲೆ ಹತ್ತು ಹದಿನೈದು ಸೇರಿಸಿ. ಆಗ ಕಿವಿಗೆ ದನಿ ಬಾಕ್ಸಿನಿಂದಲ್ಲ, ನಟನ ಬಾಯಿಂದಲೇ ಬಂದಂತೆ ಇರುತ್ತದೆ. ಈ ತಡ ಹಾಕದಿದ್ದರೆ ನೀವೇ ಒಂದು ಹೊಸ ಪ್ರತಿಧ್ವನಿ ಹುಟ್ಟಿಸಿದಂತೆ. ಗುಡುಗುವ ಬೇಸ್ ಬಾಕ್ಸು ಹಳೆಯ ಗೋಡೆಯ ಬುಡಕ್ಕೆ ಬೇಡವೇ ಬೇಡ.

ಏಕೆಂದರೆ ಕೋಟೆಯ ಗೋಡೆ ಕಾಣುವಷ್ಟು ಗಟ್ಟಿಯಲ್ಲ. ನಮ್ಮ ಕಡೆಯ ಹೆಚ್ಚಿನ ಗೋಡೆಗಳಿಗೆ ಎರಡು ಬದಿ ಕಲ್ಲು, ನಡುವೆ ಮಣ್ಣು ಮತ್ತು ಚೂರುಗಲ್ಲಿನ ತುಂಬು. ಮೇಲಿನ ಗಾರೆ ಒಡೆದು ಮಳೆ ನೀರು ಒಳಗಿಳಿದರೆ ತುಂಬು ಉಬ್ಬಿ ಹೊರಗಲ್ಲನ್ನು ತಳ್ಳುತ್ತದೆ, ಗೋಡೆಗೆ ಹೊಟ್ಟೆ ಬರುತ್ತದೆ. ಹೊಟ್ಟೆ ಬಂದ ಗೋಡೆಯ ಬುಡದಲ್ಲಿ, ಆ ಗೋಡೆಯ ಎತ್ತರದಷ್ಟು ದೂರದೊಳಗೆ, ಯಾರನ್ನೂ ಕೂಡಿಸಬಾರದು. ಗೋಡೆ ಮೇಲೆ ನಿಂತು ನೋಡುವವರನ್ನು ತಡೆಯುವುದು ಪೊಲೀಸರ ಕೆಲಸ ಎಂದು ಬಿಡುವಂತಿಲ್ಲ. ಹತ್ತುವ ಮೆಟ್ಟಿಲಿಗೆ ಸಂಜೆ ನಾಲ್ಕಕ್ಕೇ ಅಡ್ಡ ಹಾಕಬೇಕು. ಗೋಡೆಯ ಪ್ರತಿ ಎರಡು ಮೀಟರಿಗೊಂದು ಫೋಟೊ ಆಟಕ್ಕೆ ಮೊದಲು, ಅದೇ ಜಾಗದಿಂದ ಇನ್ನೊಂದು ಆಟ ಮುಗಿದು ಸಾಮಾನು ತೆಗೆದ ಮೇಲೆ.

ಕಂಪನಿಯವರ ಬಣ್ಣದ ಪರದೆಗಳ ಮೇಲೆ ಯಾರಿಗೆ ಪ್ರೀತಿ ಇಲ್ಲ? ಆದರೆ ಕೋಟೆಯಲ್ಲಿ ಅವು ಹಾಯಿಪಟ. ಗಂಟೆಗೆ 40 ಕಿಲೋಮೀಟರಿನ ಗಾಳಿ ಒಂದು ಚದರ ಮೀಟರಿಗೆ ಸುಮಾರು 7.7 ಕೆಜಿಯಷ್ಟು ಒತ್ತುತ್ತದೆ. 30 ಅಡಿ ಅಗಲ, 18 ಅಡಿ ಎತ್ತರದ ಪರದೆ ಎಂದರೆ 50 ಚದರ ಮೀಟರು. ಒತ್ತಡ ಹತ್ತಿರ ಹತ್ತಿರ 400 ಕೆಜಿ. ಗಾಳಿ 60ಕ್ಕೆ ಏರಿದರೆ 870 ಕೆಜಿ, ಒಂದೂವರೆ ಪಟ್ಟು ಗಾಳಿಗೆ ಎರಡು ಪಟ್ಟಿಗೂ ಮೀರಿದ ಒತ್ತಡ. ನೆಲಕ್ಕೆ ಗೂಟ ಹೊಡೆಯುವಂತಿಲ್ಲ, ಅಡಿಯಲ್ಲಿ ಹಳೆಯ ಕಟ್ಟಡದ ಅವಶೇಷ ಇರಬಹುದು. 200 ಲೀಟರಿನ ನೀರು ತುಂಬಿದ ಡ್ರಮ್ಮುಗಳೇ ಗತಿ. ತೂಕ ಬುಡದಲ್ಲಿ, ಗಾಳಿ ಮೇಲೆ ಇರುವುದರಿಂದ ಲೆಕ್ಕ ಬಂದದ್ದಕ್ಕೆ ಕನಿಷ್ಠ ಎರಡರಷ್ಟು ತೂಕ ಬೇಕು. ಇಷ್ಟೆಲ್ಲ ಮಾಡಿ ಹಿಂದಿರುವ ನಿಜವಾದ ಕೋಟೆ ಗೋಡೆಯನ್ನು ಮುಚ್ಚಿ ಅದರ ಮುಂದೆ ಬಣ್ಣದ ಕೋಟೆ ತೂಗಿಸುವುದರಲ್ಲಿ ಅರ್ಥವೇನಿದೆ?

ಎರೆ ನೆಲದ ಬಗ್ಗೆ ಒಂದು ಮಾತು. ನರಗುಂದದ ಸುತ್ತ ನೆಲವೆಲ್ಲ ಎರೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಒಂದು ಅಡ್ಡಮಳೆ ಬಿದ್ದರೆ ಜನರೇಟರಿನ ಲಾರಿ ಅಚ್ಚಿನವರೆಗೆ ಹೂತು ನಿಲ್ಲುತ್ತದೆ. ಅಟ್ಟದ ಪ್ರತಿ ಕಾಲಿನ ಕೆಳಗೆ ಎರಡು ಇಂಚು ದಪ್ಪದ, ಒಂದೂವರೆ ಅಡಿ ಚೌಕದ ಹಲಗೆ ಹಾಸಬೇಕು. ಇಲ್ಲದಿದ್ದರೆ ಆಟದ ನಡುವೆಯೇ ಒಂದು ಕಾಲು ಬಿರುಕಿಗೆ ಇಳಿದು ಅಟ್ಟ ಓರೆಯಾಗುತ್ತದೆ.

ಜನ ಹೊರಗೆ ಹೋಗುವ ದಾರಿಯನ್ನು ಎಲ್ಲರೂ ಮರೆಯುತ್ತಾರೆ. ಕೋಟೆಯ ಬಾಗಿಲಿಗೆ ತಿರುವು ಇಟ್ಟದ್ದೇ ಬಂದವರ ವೇಗ ಮುರಿಯಲು. ಆನೆ ಓಡಿಬಂದು ಗುದ್ದಬಾರದು ಎಂದು. ಶತ್ರುವನ್ನು ತಡೆದದ್ದು ಪ್ರೇಕ್ಷಕನನ್ನೂ ತಡೆಯುತ್ತದೆ. ಕ್ರೀಡಾಂಗಣಗಳಿಗೆ ಬ್ರಿಟನ್ನಿನಲ್ಲಿ ಬಳಸುವ ಲೆಕ್ಕದಂತೆ ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ, ಮೆಟ್ಟಿಲಿನಲ್ಲಿ 66. ಎರಡು ಮೀಟರಿನ ಬಾಗಿಲಿನಲ್ಲಿ ಸಾವಿರ ಜನ ಹೊರಬೀಳಲು ಆರು ನಿಮಿಷದ ಮೇಲೆ. ತಿರುವು, ಹೊಸ್ತಿಲು, ಸವೆದ ಕಲ್ಲು, ಕತ್ತಲು ಸೇರಿದರೆ ಅದರ ಎರಡರಷ್ಟು. ಎರಡನೆಯ ದಾರಿ ಇಲ್ಲದ ಕೋಟೆಯಲ್ಲಿ 400ಕ್ಕಿಂತ ಹೆಚ್ಚು ಟಿಕೆಟು ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ. ಶೌಚಾಲಯದ ಲೆಕ್ಕವೂ ಹೀಗೇ. 400 ಹೆಣ್ಣುಮಕ್ಕಳು ಬಂದು, 20 ನಿಮಿಷದ ವಿರಾಮದಲ್ಲಿ ಅರ್ಧದಷ್ಟು ಜನ ಎದ್ದರೆ, ಒಬ್ಬೊಬ್ಬರಿಗೆ ಎರಡು ನಿಮಿಷದಂತೆ 20 ಬೇಕು. ಸಾಮಾನ್ಯವಾಗಿ ಇಡುವುದು ನಾಲ್ಕು, ಅದರಲ್ಲೊಂದಕ್ಕೆ ನೀರಿರುವುದಿಲ್ಲ.

ಕಾಲದ ಆಯ್ಕೆಯಲ್ಲಿ ಫಿನ್ಲೆಂಡನ್ನು ನಕಲು ಮಾಡುವಂತಿಲ್ಲ. ಅಲ್ಲಿ ಜುಲೈಯಲ್ಲಿ ರಾತ್ರಿ ಹತ್ತರವರೆಗೂ ಹಗಲು, ಅರ್ಧ ಆಟ ಸೂರ್ಯನ ಬೆಳಕಿನಲ್ಲೇ ಮುಗಿಯುತ್ತದೆ. ನಮಗೆ ಜುಲೈ ಮಳೆ. ಏಪ್ರಿಲ್, ಮೇ ಎಂದರೆ ಸಂಜೆಯ ಬಿರುಗಾಳಿ, ಸಿಡಿಲು. ಉಳಿಯುವುದು ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ. ಆಗ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗಿ ಅರ್ಧ ಗಂಟೆಯಲ್ಲಿ ಪೂರ್ತಿ ಕತ್ತಲು. ಆರೂವರೆಗೆ ಶುರುಮಾಡಿ ಒಂಬತ್ತೂಮುಕ್ಕಾಲಿಗೆ ಮುಗಿಸಿದರೆ ರಾತ್ರಿ ಹತ್ತರ ಧ್ವನಿವರ್ಧಕ ನಿಯಮಕ್ಕೂ ತೊಡಕಿಲ್ಲ. ಆ ತಿಂಗಳುಗಳ ಒಂದೇ ತಕರಾರು ಇಬ್ಬನಿ. ತೇವಕ್ಕೆ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ಪೇಟಿ (ಹಾರ್ಮೋನಿಯಂ) ಇದ್ದಲ್ಲೇ ಇರುತ್ತದೆ. ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ವಾದ್ಯದವರ ತಲೆಯ ಮೇಲೆ ಸಣ್ಣ ಮಾಡು ಇರಲಿ, ಎರಡನೆಯ ಜೋಡಿ ತಬಲಾ ಬೆಚ್ಚಗೆ ಸುತ್ತಿ ಸಿದ್ಧವಿರಲಿ.

ಇನ್ನು ಯಾವ ಕೋಟೆ? ಧಾರವಾಡದ ಕಿಲ್ಲೆಯಲ್ಲಿ ಬಾಗಿಲು ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ, ಪಕ್ಕದಲ್ಲೇ ಆಸ್ಪತ್ರೆ. ಆಸ್ಪತ್ರೆಯ ಸುತ್ತ 100 ಮೀಟರು ನಿಶ್ಶಬ್ದ ವಲಯ. ಅದನ್ನು ಬಿಡಿ.

ಬಂಕಾಪುರದ ಹೆಸರು ಎತ್ತುವವರೇ ಹೆಚ್ಚು. ಅಮೋಘವರ್ಷನ ಸಾಮಂತ ಬಂಕೇಯನ ಹೆಸರಿನ ಊರು, ರನ್ನ ಓದಿದ ಊರು, ಕೋಟೆಯೊಳಗೆ ನಾಗರೇಶ್ವರನ ಅರವತ್ತು ಕಂಬದ ಗುಡಿ. ಆಸೆಯಾಗುವುದು ಸಹಜ. ಆದರೆ ಆ ಕೋಟೆ ಈಗ ನವಿಲುಧಾಮ. ನವಿಲು ಮುಸ್ಸಂಜೆಗೆ ಮರವೇರಿ ರಾತ್ರಿಯೆಲ್ಲ ಅಲ್ಲೇ ಕೂಡುವ ಹಕ್ಕಿ. ಅದು ಕೂಡುವ ಹೊತ್ತೂ ನಮ್ಮ ನಾಂದಿಯ ಹೊತ್ತೂ ಒಂದೇ. ಒಂದು ರಾತ್ರಿಯ ಬೆಳಕು, ಸದ್ದಿಗೆ ಕತ್ತಲಲ್ಲಿ ಹಾರಿ ತಂತಿಗೆ ಬಡಿದು ಸಾಯಬಹುದು. ಬಂಕಾಪುರದ ಒಳಗೆ ರಾತ್ರಿ ಆಟ ಬೇಡ, ಯಾವ ರೂಪದಲ್ಲೂ ಬೇಡ. ಗುಡಿಯ ವಿಷಯದಲ್ಲಿ ಕಾಯಿದೆಯೂ ಇದೆ: ಕೇಂದ್ರದ ಸಂರಕ್ಷಿತ ಸ್ಮಾರಕದೊಳಗೆ ಅನುಮತಿ ಇಲ್ಲದೆ ಸಭೆ, ಮನರಂಜನೆ ನಡೆಸುವಂತಿಲ್ಲ, ಕಟ್ಟಡದ ಕೆಲಸಕ್ಕೆ ಸುತ್ತಲಿನ 100 ಮೀಟರು ನಿಷೇಧಿತ, ಅದರಾಚೆಯ 200 ಮೀಟರು ನಿಯಂತ್ರಿತ ವಲಯ.

ನರಗುಂದದ ಗುಡ್ಡದ ಮೇಲೂ ಬೇಡ. ಕಡಿದಾದ ದಾರಿ, ರಾತ್ರಿ ಇಳಿಯುವ ವೃದ್ಧರು, ಮೇಲೆ ತಡೆಯಿಲ್ಲದ ಗಾಳಿ. ಆದರೆ ಗುಡ್ಡದ ಬುಡ ಬೇರೆ ಮಾತು. ಬಯಲ ನಡುವೆ ಒಮ್ಮೆಲೇ ಎದ್ದು ನಿಂತ ಆ ಗುಡ್ಡವೇ ಹಿನ್ನೆಲೆಯಾದರೆ ಇನ್ನಾವ ಸೆಟ್ಟೂ ಬೇಡ. ಅಟ್ಟದ ಬೆನ್ನಿಗೆ ಗುಡ್ಡ, ಪ್ರೇಕ್ಷಕರ ಹಿಂದೆ ತೆರೆದ ಬಯಲು. ಪ್ರತಿಧ್ವನಿಯ ಕಾಟವಿಲ್ಲ, ಹೊರಹೋಗಲು ಮೂರು ಕಡೆ ದಾರಿ. 25 ಮೀಟರ್ ಅಗಲ, 30 ಮೀಟರ್ ಉದ್ದದ ಜಾಗದಲ್ಲಿ ನಡುದಾರಿ ಬಿಟ್ಟೂ ಸಾವಿರ ಜನ ಕೂಡಬಹುದು. ಮುಂದಿನ ಸಾಲಿನಲ್ಲಿ ಗಣ್ಯರ ಸೋಫಾ ಇಡದಿದ್ದರೆ ಇನ್ನೂ ಐವತ್ತು ಜನ, ಹಿಂದಿನವರಿಗೆ ಅಟ್ಟವೂ ಕಾಣುತ್ತದೆ. ಗುಡ್ಡಕ್ಕೆ ಕೆಳಗಿನಿಂದ ಬೆಚ್ಚನೆಯ ಬಣ್ಣದ ನಾಲ್ಕಾರು ಎಲ್ಇಡಿ ದೀಪ ಸಾಕು. ನೀಲಿ, ಹಸಿರು ಹಚ್ಚಿ ಮದುವೆ ಮಂಟಪ ಮಾಡಬಾರದು, ಬಿಳಿ ನೀಲಿ ಬೆಳಕಿಗೆ ಹುಳುವೂ ಹೆಚ್ಚು ಬರುತ್ತದೆ.

ಅಲ್ಲಿ ಆಡಬೇಕಾದ ಕಥೆಯೂ ಆ ಗುಡ್ಡದ್ದೇ ಆಗಲಿ. 1858ರಲ್ಲಿ ಬಾಬಾಸಾಹೇಬ ಭಾವೆ ಬ್ರಿಟಿಷರ ಮೇಲೆ ಎದ್ದದ್ದು ಆ ಊರಿನಲ್ಲಿ. ಸವೊನ್‌ಲಿನ್ನದವರು ತಮ್ಮ ಕೋಟೆಗೆಂದು ಹೊಸ ಕೃತಿ ಬರೆಸಿದಂತೆ, ಈ ಭಾಗದ ಒಬ್ಬ ನಾಟಕಕಾರ, ಒಬ್ಬ ಸಂಗೀತಗಾರ ಕೂಡಿ ಎರಡೂವರೆ ಗಂಟೆಯ ಸಂಗೀತ ನಾಟಕ ಬರೆಯಲಿ. ಮಾತು ಕಡಿಮೆ, ಹಾಡು ಹೆಚ್ಚು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗಂಟಲುಗಳು ಹತ್ತಿರದಲ್ಲೇ ಇವೆ.

ಜನವರಿಗೆ ಆಟ ಎಂದರೆ ಕೃತಿ ಹಿಂದಿನ ಯುಗಾದಿಗೆ ಸಿದ್ಧವಾಗಿರಬೇಕು, ಅನುಮತಿಯ ಅರ್ಜಿಗಳು ಮುಂಗಾರಿಗೆ ಮೊದಲೇ ಹೋಗಿರಬೇಕು: ಪುರಾತತ್ವ ಇಲಾಖೆ, ಜಿಲ್ಲಾಡಳಿತ, ಪೊಲೀಸ್, ಅಗ್ನಿಶಾಮಕ, ವಿದ್ಯುತ್ ಪರಿವೀಕ್ಷಕರು. ದಸರೆ ಮುಗಿಯುತ್ತಲೇ ನೆಲದ ಅಳತೆ, ದೀಪಾವಳಿಯ ಪಟಾಕಿ ನಿಂತ ಮೇಲಿನ ಒಂದು ರಾತ್ರಿ ಚಪ್ಪಾಳೆ ಪರೀಕ್ಷೆ. ಟೆಂಡರು ಕರೆಯುವುದು ಅದಾದ ಮೇಲೆ. ಈಗ ನಡೆಯುವುದು ತಿರುಗುಮುರುಗು: ಪೆಂಡಾಲಿನವರು ಮೊದಲು ಬರುತ್ತಾರೆ, ನಾಟಕ ಯಾವುದು ಎಂದು ಆಮೇಲೆ ಕೇಳುತ್ತಾರೆ.

— ರಂಗಸಜ್ಜಿಕೆ, ಧ್ವನಿ, ಬೆಳಕಿನ ಕೆಲಸ ಬಲ್ಲ ಕೆಲವರು
ಗದಗ